ಶೆಡ್ಡಿನ ಬಾಗಿಲಿನ ತನಕ

"ನಿನ್ನ ಆವಾಜ ಎಲ್ಲೀತನಾ ಮುಟ್ಟತೈತಿ?"

ಏಣಿಯ ಮೇಲೆ ನಿಂತ ವೈಫೈ ರಿಪೇರಿಯ ಶ್ರೀಪಾಲ ಯಾರಿಗೂ ಅಲ್ಲದಂತೆ ಕೇಳಿದ. ಕೈಯಲ್ಲಿ ಕೊಲ್ಹಾಪುರದಿಂದ ತಂದ ವೈಫೈ ಡಬ್ಬಿ.

"ನಂದೋ, ಡಬ್ಬೀದೋ?"

ಕೆಳಗೆ ಏಣಿ ಹಿಡಿದಿದ್ದ ರುತುಜಾ ಕಣ್ಣೆತ್ತಿದಳು. ಆ ನೋಟಕ್ಕೆ ಅವನ ಬೆರಳಿನಿಂದ ಸ್ಕ್ರೂ ಜಾರಿಬಿತ್ತು. ಅವಳು ಅದನ್ನು ಹೆಕ್ಕಿ, ಕೊಡದೆ, ಮುಷ್ಟಿಯಲ್ಲೇ ಇಟ್ಟುಕೊಂಡಳು.

ಇಚಲಕರಂಜಿಯ ಅವಳ ಮನೆಯಿಂದ ಅಂಗಳದಾಚೆಯ ಮಗ್ಗದ ಶೆಡ್ಡಿಗೆ ಸಿಗ್ನಲ್ ಹೋಗಬೇಕಿತ್ತು. ಹೊರಗೆ ತಗಡು, ಒಳಗೆಲ್ಲ ಕಬ್ಬಿಣ.

"ಜೋರಿಂದು ಒಂದು ಹಾಕಿದ್ರ ಸಾಲಂಗಿಲ್ರಿ. ಇದರ ಆವಾಜ ಮೊಬೈಲಿಗೆ ಮುಟ್ಟತೈತಿ. ಮೊಬೈಲಿಂದು ಸಣ್ಣ ಆವಾಜ, ತಿರುಗಿ ಇಲ್ಲೀತನಾ ಬರೂದಿಲ್ಲ. ಸಾದಾ ಎರಡು ತಗೋರಿ. ಒಂದು ಇಲ್ಲಿ, ಒಂದು ಶೆಡ್ಡಿನ್ಯಾಗ."

"ಮೊದಲ ನಡದು ತೋರಸ್ರಿ."

ಅಂದು ಮಗ್ಗಗಳಿಗೆ ರಜೆ. ಅವನು ಡಬ್ಬಿ ಚಾಲೂ ಮಾಡಿ ಏಣಿಯಿಂದ ಇಳಿದ. "ವೈಫೈ ಮ್ಯಾಲೆ ಕಾಲ್ ಹಚ್ಚತೇನಿ. ಎಲ್ಲಿ ತುಂಡಾಕೈತಿ ಗೊತ್ತಾಗಬೇಕು, ರೆಕಾರ್ಡ್ ಮಾಡ್ಕೋರಿ" ಎಂದು ಹೊರಟ. ಗಡಹಿಂಗ್ಲಜದ ಅಜ್ಜಿ ಕಲಿಸಿದ ಸ್ತೋತ್ರ ಮನಸ್ಸಿನಲ್ಲಿ, ಪದಕ್ಕೊಂದು ಹೆಜ್ಜೆ. ಅವನು ದೂರ ಅಳೆಯುವುದೇ ಹಾಗೆ. ಸ್ತೋತ್ರ ಮುಗಿಯುವಾಗ ಶೆಡ್ಡಿನ ಬಾಗಿಲಿತ್ತು.

"ಹಲೋ? ಏನೂ ಕೇಳಸವಲ್ದು."

ಅವಳ ದನಿ ಕಿವಿಯಲ್ಲೇ ಉಸಿರಿದಷ್ಟು ಹತ್ತಿರ. ತನ್ನದು ಮುಟ್ಟುತ್ತಿಲ್ಲ. ಈ ಮನೆಗೆ ಬರತೊಡಗಿದ ಎಂಟು ತಿಂಗಳಲ್ಲಿ ಮೊದಲ ಸಲ ಅವನಿಗೆ ಧೈರ್ಯ ಬಂತು.

"ರುತುಜಾ, ನಿಮ್ಮನೀಗೆ ನಾಕು ಸಲ ರಿಪೇರಿಗೆ ಬಂದೆ. ಮೂರು ಸಲ ಏನೂ ಕೆಟ್ಟಿರಲಿಲ್ಲ. ಹೋಗೂವಾಗ ವಯರ ನಾನ ಸಡ್ಲ ಮಾಡಿ ಹೋಗತಿದ್ದೆ. ನಿಮ್ಮನ್ನ ನೋಡದ ಇರಾಕ ಆಗವಲ್ದು."

"ಹಲೋ? ಹಲೋ?"

ಹಗುರಾಗಿ ಮರಳಿ ಬಂದ. "ನೋಡಿದ್ರಿಲ್ಲೋ? ಎರಡು ಬೇಕಾಕ್ಕಾವು."

"ಒಂದ ಸಾಕು."

ಅವಳು ಮೊಬೈಲ್ ಒತ್ತಿದಳು. ಅವನದೇ ದನಿ ಅಂಗಳ ತುಂಬಿತು, ಒಂದಕ್ಷರವೂ ತುಂಡಾಗದೆ.

ಬಾಗಿಲಲ್ಲಿ ನಿಂತಿದ್ದ ರುತುಜಾಳ ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಮೂರು ಸಲನಾ? ನಾವು ಎರಡಂತ ತಿಳ್ಕೊಂಡಿದ್ವಿ! ಈಕಿ ಬರೂ ತಿಂಗಳ ಲಗ್ನಾ ಆಗಿ ಕೊಲ್ಹಾಪುರಕ್ಕ ಹೊಂಟಾಳ್ರಿ. ಅಲ್ಲೂ ವಯರ ಸಡ್ಲ ಮಾಡಾಕ ಹೋಗ್ರಿ."

ಶ್ರೀಪಾಲ ನೆಲ ನೋಡಿದ. ಅತ್ತಿಗೆ ನಗುತ್ತಲೇ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದ, "ಎಲ್ಲಾ ಕೇಳೀರಿ. ನಿಮ್ಮದೇನು?"

ರುತುಜಾ ಅವನನ್ನೇ ನೋಡುತ್ತ ಅಂದಳು, "ಹಲೋ? ಏನೂ ಕೇಳಸವಲ್ದು."

"ಅದನ್ನರ ಅಳಿಸಿಬಿಡ್ರಿ. ಕೈ ಮುಗೀತೇನಿ. ಯಾರರ ಕೇಳಿದ್ರ ಊರಾಗ ನನಗ್ಯಾರೂ ಕೆಲಸಾ ಕೊಡೂದಿಲ್ಲ."

ಅವಳು ಮುಷ್ಟಿ ಬಿಚ್ಚಿ ಸ್ಕ್ರೂವನ್ನು ಅವನ ಅಂಗೈಯಲ್ಲಿಟ್ಟಳು. ಅದು ಬೆಚ್ಚಗಿತ್ತು. ಮೊಬೈಲನ್ನು ಎದೆಗೊತ್ತಿಕೊಂಡಳು.

"ಅಳಸಂಗಿಲ್ಲ."