ಪದ ಬಿಡದ ನಗು

"ನಗು ಕಾಣೆಯಾಗಿದೆ" ಎಂದರು ಬಂದಾಕೆ, ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ.

ಅತ್ತಿಗೆ ಚಹಾದ ಲೋಟ ಕೆಳಗಿಟ್ಟರು. ಉಂಗುರದಿಂದ ಹಿಡಿದು ಓಡಿಹೋದ ಗಂಡನವರೆಗೆ ಏನೇನೋ ಹುಡುಕಿಕೊಟ್ಟವರು ಅವರು. ಇಂಥ ಕೇಸು ಬಂದದ್ದು ಅದೇ ಮೊದಲು. ಅವರ ಕಾರು ಓಡಿಸುವವನು, ಕೇಳಿದಾಗ ಮಾತ್ರ ಬಾಯಿ ತೆರೆಯಬೇಕಾದವನು ಮೈದುನನಾದ ನಾನೇ.

ಬಂದಾಕೆ ಹಾಡಿನ ಕಂಪನಿಯೊಂದರ ಮ್ಯಾನೇಜರ್. ಇಸ್ತ್ರಿ ಅಂಗಡಿಯ ಹುಡುಗಿಯ ವಿಡಿಯೊ ನೋಡದವರು ಯಾರಿದ್ದಾರೆ? ಹುಡುಗಿ ನಮಗೆ ಬೆನ್ನು ಮಾಡಿ, ಅಂಗಿ ಉಜ್ಜುತ್ತಾ ಹಾಡುತ್ತಾಳೆ. ನಡುವೆ ಕಾಲರ್ ಸುಟ್ಟು ಹೊಗೆ ಏಳುತ್ತದೆ, ಕಿಲಕಿಲ ನಗು ಕೇಳುತ್ತದೆ. ಹಾಡಿನ ಒಂದು ಪದವೂ ತಪ್ಪುವುದಿಲ್ಲ. ಆ ಪದ ಬಿಡದ ನಗುವಿಗೆ ಜನ ಮರುಳಾಗಿದ್ದರು, ನಾನೂ ಸೇರಿ.

"ಈಗ ಎರಡನೇ ಹಾಡು. ಅದ್ರಲ್ಲೂ ಜನಕ್ಕೆ ಆ ನಗು ಬೇಕು. ಹಳೇದನ್ನ ಹಾಕೋಣ ಅಂದ್ರೆ ಮೇಲೆ ಹಾಡು ಬೆರೆತಿದೆ. ಮೊನ್ನೆ ಹೊಸದಾಗಿ ರೆಕಾರ್ಡ್ ಮಾಡಿದ್ವಿ. ಇವತ್ತು ಊಟ ಮುಗಿಸಿ ಬಂದು ನೋಡಿದ್ರೆ ನಗು ಮಾತ್ರ ಮಾಯ, ಹಾಡು ಹಾಗೇ ಇದೆ. ನಾಳೆ ಬಿಡುಗಡೆ. ಇದು ಬಿದ್ರೆ ಆ ಹುಡುಗಿ ಮತ್ತೆ ಇಸ್ತ್ರಿ ಪೆಟ್ಟಿಗೆನೇ ಹಿಡೀಬೇಕು."

ಸ್ಟುಡಿಯೊ ಮೂರನೇ ಮಹಡಿಯಲ್ಲಿತ್ತು. ಬಾಗಿಲಿಗೆ ಹೊಸ ಪೋಸ್ಟರ್ ಅಂಟಿಸಿದ್ದರು: 'ನಗುವಿನ ಹುಡುಗಿ ಮತ್ತೆ ಬಂದಳು'. ಅಂಟು ಇನ್ನೂ ಒಣಗಿರಲಿಲ್ಲ. ಒಳಗೆ ಸಂಗೀತ ನಿರ್ದೇಶಕ, ರೆಕಾರ್ಡಿಂಗ್ ಮಾಡುವಾತ, ಗಾಯಕಿ, ಅವಳ ಅಕ್ಕ. ಅಂಗಡಿಯಲ್ಲಿ ಆ ವಿಡಿಯೊ ತೆಗೆದು, ಕತ್ತರಿಸಿ ಜೋಡಿಸಿ ಜನರಿಗೆ ಮುಟ್ಟಿಸಿದವಳು ಈ ಅಕ್ಕನೇ ಎಂದು ಮ್ಯಾನೇಜರ್ ಪರಿಚಯಿಸಿದರು.

ನಿರ್ದೇಶಕ ಮುಖ ಊದಿಸಿಕೊಂಡಿದ್ದ. "ಹೋದ್ರೆ ಹೋಗ್ಲಿ ಬಿಡಿ. ನನ್ನ ಟ್ಯೂನ್‌ಗಿಂತ ಹಲ್ಲು ಕಿಸಿಯೋದೇ ದೊಡ್ಡದಾಯ್ತು." ಇವನೇ ಕಳ್ಳ ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟೆ.

"ನಗು ರೆಕಾರ್ಡ್ ಆದಾಗ ಯಾರಿದ್ರಿ?" ಅತ್ತಿಗೆ ಕೇಳಿದರು.

"ನಾವ್ಯಾರೂ ಇರ್ಲಿಲ್ಲ" ಎಂದ ರೆಕಾರ್ಡಿಂಗ್‌ನವನು. "ಎಲ್ಲರ ಎದುರಿಗೆ ನಗೋಕೆ ನಾಚಿಕೆ ಅಂತ ಇವಳು ನಮ್ಮನ್ನ ಆಚೆ ಕಳಿಸಿದ್ಲು. ಮೆಷಿನ್ ಚಾಲೂ ಮಾಡಿ ಹೋದ್ವಿ. ಅಕ್ಕ ಒಬ್ಬಳೇ ಜೊತೆಗಿದ್ಲು."

ಅತ್ತಿಗೆ ಗಾಯಕಿಯತ್ತ ತಿರುಗಿದರು. "ಅಷ್ಟೇ ತಾನೆ? ಈಗ ಇನ್ನೊಂದ್ಸಲ ನಕ್ಕುಬಿಡಮ್ಮ. ಐದು ನಿಮಿಷದ ಕೆಲಸ."

"ಗಂಟಲು ಕಟ್ಟಿದೆ" ಎಂದಳು ಅವಳು. ದನಿಯೇನೋ ಗಂಟೆ ಹೊಡೆದ ಹಾಗಿತ್ತು.

ಅತ್ತಿಗೆ ಹಳೆಯ ವಿಡಿಯೊವನ್ನು ಕಣ್ಣು ಮುಚ್ಚಿ ಎರಡು ಸಲ ಕೇಳಿದರು. ಆಮೇಲೆ ಎಲ್ಲರನ್ನೂ ಕೂರಿಸಿದರು.

"ನಿರ್ದೇಶಕರಿಗೆ ನಗು ಕಂಡ್ರೆ ಆಗಲ್ಲ, ನಿಜ. ಆದ್ರೆ ಅವರು ತೆಗೆದಿದ್ರೆ ಇವಳು ಇನ್ನೊಂದ್ಸಲ ನಕ್ಕು ಮುಗಿಸ್ತಿದ್ಲು. ಕೇಳಿದ್ರೆ ಗಂಟಲು ಅಂತಾಳೆ. ಯಾಕೆ? ಅವಳಿಗೆ ಆ ನಗು ಬರಲ್ಲ. ವಿಡಿಯೊ ಕೇಳಿ. ಹಾಡು ದೂರದಲ್ಲಿದೆ, ನಗು ಕಿವಿ ಪಕ್ಕದಲ್ಲೇ ಇದೆ. ಪದ ಬಿಡದೆ ನಗ್ತಾಳೆ ಅಂತ ಎಲ್ಲರೂ ಬೆರಗಾದ್ವಿ. ಒಂದೇ ಬಾಯಲ್ಲಿ ಒಟ್ಟಿಗೆ ಹಾಡೋಕೂ ನಗೋಕೂ ಆಗುತ್ತಾ? ನಕ್ಕವಳು ಫೋನ್ ಹಿಡಿದಿದ್ದವಳು. ಮೊನ್ನೆ ಇಲ್ಲಿ ನಕ್ಕವಳೂ ಅವಳೇ. ಕತ್ತರಿಸೋ ಕೆಲಸ ಗೊತ್ತಿರೋಳು. ಇವತ್ತು ಪೋಸ್ಟರ್ ಬಂತು, ಇವತ್ತೇ ನಗು ಹೋಯ್ತು."

ನನ್ನ ತೀರ್ಪನ್ನು ನಾನು ಸದ್ದಿಲ್ಲದೆ ಹಿಂದಕ್ಕೆ ಪಡೆದೆ.

"ಹೌದು, ನಾನೇ ತೆಗೆದೆ" ಎಂದಳು ಅಕ್ಕ. ಚೀಲದಿಂದ ಪೆನ್‌ಡ್ರೈವ್ ತೆಗೆದು ಅಂಗೈಯಲ್ಲಿ ಹಿಡಿದಳು. "ಮೊದಲ ಸಂದರ್ಶನದಲ್ಲಿ ಇವಳು ನಗು ನಂದು ಅಂದ್ಲು. ಬಾಯಿ ತಪ್ಪಿ ಅಂದಿರ್ಬೇಕು ಅಂತ ಸುಮ್ಮನಾದೆ. ಈಗ ಅದೇ ಅವಳ ಹೆಸರಾಗಿದೆ. ಪೋಸ್ಟರಲ್ಲಿ ನನ್ನ ಹೆಸರು ಹಾಕೋದು ಬೇಡ. ಇಷ್ಟು ಜನರ ಮುಂದೆ ಒಂದ್ಸಲ ಹೇಳ್ಲಿ, ಅಕ್ಕ ನಕ್ಕಿದ್ದು ಅಂತ. ಕೊಟ್ಟುಬಿಡ್ತೀನಿ."

ಗಾಯಕಿ ಮ್ಯಾನೇಜರ್ ಮುಖ ನೋಡಿದಳು, ಪೋಸ್ಟರ್ ಕಡೆ ನೋಡಿದಳು. ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು, ಬಂದದ್ದು ಕನಿಕರ.

"ನಂದೇ" ಎಂದಳು ನೆಲ ನೋಡುತ್ತಾ. "ನಗು ನಂದೇ."

ಅಕ್ಕ ಜಗಳ ತೆಗೆಯಲಿಲ್ಲ. ಪೆನ್‌ಡ್ರೈವನ್ನು ತಂಗಿಯ ಮುಂದಿಟ್ಟು, "ಹಾಗಿದ್ರೆ ಇಟ್ಕೋ" ಎಂದು ಹೊರಟುಹೋದಳು.

ಮ್ಯಾನೇಜರ್ ಅದನ್ನು ಎತ್ತಿಕೊಂಡರು. "ಒಳ್ಳೇದಾಯ್ತು. ನಿಂದೇ ಆದ್ರೆ ನಮಗೂ ಚಿಂತೆ ಇಲ್ಲ. ನಾಳೆ ವೇದಿಕೆ ಮೇಲೆ ನೇರಪ್ರಸಾರ ಇದೆ. ವಿಡಿಯೊದಲ್ಲಿ ಮಾಡಿದ ಹಾಗೇ ಪದ ಬಿಡದೆ ನಗ್ಬೇಕು. ಎಲ್ಲಿ, ಒಂದ್ಸಲ ತೋರ್ಸು."

ಗಾಯಕಿ ಎದ್ದು ಕಿಟಕಿಗೆ ಓಡಿದಳು. "ಅಕ್ಕಾ" ಎಂದು ಕೂಗಿದಳು. ಬೀದಿಯಲ್ಲಿ ಹೋಗುತ್ತಿದ್ದ ನಾಲ್ಕಾರು ಹೆಂಗಸರು ತಲೆಯೆತ್ತಿ ನೋಡಿದರು. ಅವಳ ಅಕ್ಕ ಮಾತ್ರ ನೋಡಲಿಲ್ಲ.