ತಾಯವ್ವನ ಹನ್ನೊಂದು ಹಗೇವು

ಕಾಲ ಕೆಳಗಿನ ನೆಲ ಮಾಯವಾಯಿತು!

ಧಡ್!... ಎರಡಾಳು ಆಳಕ್ಕೆ ಬಿದ್ದಿದ್ದೆ. ಬಾಯಿ ತುಂಬ ಜೋಳದ ಹೊಟ್ಟು. ಮೇಲೆ ತಟ್ಟೆಯಷ್ಟು ಆಕಾಶ. ಆ ತಟ್ಟೆಯಲ್ಲಿ ಒಂದು ಮುದುಕಿಯ ಮುಖ.

"ಬಿದ್ದೀ ಏನೋ ತಮ್ಮಾ?"

"ಇಲ್ಲ ಬೇ... ನೋಡಾಕ ಇಳದೇನಿ!"

"ಕುಂದರಬ್ಯಾಡ. ನಿಂತಿರು. ಕುಂತರ ಸತ್ತಿ."

ಹೀಗೆ ಈ ಹುಲಿಗೆಪ್ಪ ಹಾಡುಹಗಲೇ ಹೂತುಹೋದ. ಹುಬ್ಬಳ್ಳಿಯಲ್ಲಿ ನನ್ನ ಹೆಸರು ಕೇಳಿದರೆ ಬಾಡಿಗೆದಾರರು ಮಂಚ ಹೊತ್ತುಕೊಂಡು ಓಡುತ್ತಿದ್ದರು. ಅದೇ ನನ್ನ ಕಸುಬು... ಜಾಗ ಖಾಲಿ ಮಾಡಿಸುವುದು!

ಇದು ಹದಿನೈದು ವರ್ಷದ ಹಿಂದಿನ, ಎಪ್ಪತ್ನಾಲ್ಕರ ಮಾತು. ನೀವು ಈಗ ಸೈಟು ನೋಡಲು ಸಿಟಿ ಬಸ್ಸಿನಲ್ಲಿ ಬಂದಿಳಿದಿರಿ. ಆಗ ಇದು ಹಳ್ಳಿ, ಕರೇಕೊಪ್ಪ. ಹುಬ್ಬಳ್ಳಿ ಶಹರ ಕುಂದಗೋಳದ ದಾರಿ ಹಿಡಿದು ತೆವಳುತ್ತ ಬರುತ್ತಿತ್ತು. ಮೊದಲು ಇಟ್ಟಿಗೆ ಭಟ್ಟಿ ಬಂತು. ಆಮೇಲೆ ಗೋದಾಮು. ಆಮೇಲೆ ಲೈಟಿನ ಕಂಬ... ತಂತಿ ಇಲ್ಲದ್ದು. ಕೊನೆಗೆ ಪಂಢರಿನಾಥ ಸಾವಕಾರರು ಬಂದು ಊರಾಚೆಯ ಈ ಬಯಲನ್ನು ಕೊಂಡರು. ಎಮ್ಮೆ ಮೇಯುವ ಜಾಗಕ್ಕೆ 'ನಂದನ ನಗರ' ಎಂದು ಬೋರ್ಡು ಹೊಡೆಸಿದರು. ಬೋರ್ಡಿಗೆ ಎಮ್ಮೆಗಳು ಮೈ ತಿಕ್ಕಿದವು.

ಆದರೆ ಬಯಲಿನ ಹೊಟ್ಟೆಯಲ್ಲಿ ಊರಿನ ಜೋಳವಿತ್ತು. ಹಗೇವು ಗೊತ್ತಲ್ಲ? ನೆಲದೊಳಗಿನ ಕಣಜ. ಕೊಡದ ಹಾಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಾಯಿ ಮುಚ್ಚಿ ಮಣ್ಣೆಳೆದರೆ ಕಳ್ಳನಿಗೂ ಕಾಣದು, ಸರ್ವೇಯರನಿಗೂ ಕಾಣದು. ಎಲ್ಲೆಲ್ಲಿವೆ ಎಂದು ಊರಲ್ಲಿ ಯಾರನ್ನು ಕೇಳಿದರೂ ತಾಯವ್ವನ ಕಡೆ ಬೆರಳು ತೋರುತ್ತಿದ್ದರು. ಹಗೇವು ಕಾಯುವವಳು ಆಕೆ. ಬಯಲಿನ ಮೂಲೆಯಲ್ಲೇ ಆಕೆಯ ಗುಡಿಸಲು.

"ಸೋಮವಾರ ಬುಲ್‌ಡೋಜರ್ ಬರತದ, ಹುಲಿಗೆಪ್ಪಾ," ಎಂದಿದ್ದರು ಸಾವಕಾರರು. "ಅಷ್ಟರಾಗ ಆ ಮುದಕಿ ಕಡಿಂದ ಗುರುತು ಹೊರಡಸು. ಎಲ್ಲಾ ಮುಚ್ಚಿಬಿಡೂಣು."

ಬಂದೆ. ಜೀಪಿನ ಬಾನೆಟ್ಟಿನ ಮೇಲೆ ಸೈಟುಗಳ ನಕಾಶೆ ಹರಡಿದೆ. ಗುರುತು ಹಾಕುವ ಕೆಂಪು ಪೆನ್ಸಿಲ್ ಕಿಸೆಯಲ್ಲಿತ್ತು. ಕಣ್ಣು ಕೆಂಪು ಮಾಡಿದೆ.

"ಎಲ್ಲೆಲ್ಲಿ ಅದಾವ ತೋರಸ್ತಿಯೋ, ಇಲ್ಲಾ ಮೊದಲ ನಿನ್ನ ಗುಡಸಲಾ ಕೆಡವಲೋ?"

ತಾಯವ್ವ ನಕಾಶೆಯನ್ನು ನೋಡಿದಳು. ಸುರುಳಿ ಸುತ್ತಿದಳು. ಕಂಕುಳಲ್ಲಿ ಇಟ್ಟುಕೊಂಡಳು... ನಡೆದೇಬಿಟ್ಟಳು!

"ಲೇ ಮುದುಕಿ! ನಿಂದ್ರ ಬೇ!"

ಛೇಸ್ ಎಂದರೆ ಅದು! ಆಕೆ ನಡೆಯುತ್ತಿದ್ದಳು. ನಾನು ಓಡುತ್ತಿದ್ದೆ. ಆಕೆ ಹಾವಿನಂತೆ ಸೊಟ್ಟಸೊಟ್ಟ ಹೋದಳು. ಮುಪ್ಪಿನ ಕಾಲು, ಪಾಪ, ಅಂದುಕೊಂಡೆ. ನಾನು ನೆಟ್ಟಗೆ ಓಡಿದೆ.

ಉಳಿದದ್ದು ಹೇಳಿದೆನಲ್ಲ... ಧಡ್!

ತಾಯವ್ವ ಗುಡಿಸಲಿನಿಂದ ಲಾಟೀನು ತಂದು ಹಗ್ಗ ಕಟ್ಟಿ ಇಳಿಬಿಟ್ಟಳು. ನನ್ನ ಎದೆಯ ಮಟ್ಟದಲ್ಲಿ ದೀಪ ಚೆನ್ನಾಗಿತ್ತು. ಸೊಂಟದ ಬಳಿ ನಡುಗಿತು. ಮೊಣಕಾಲ ಬಳಿ... ಪಕ್ಕನೆ ಆರಿತು!

"ನೋಡಿದಿ? ಬುಡಕ್ಕ ಕೆಟ್ಟ ಗಾಳಿ ಐತಿ. ತಲಿ ತಿರಗಿ ಬಿದ್ದಿ ಅಂದ್ರ ಮುಗೀತು."

ಜೀಪಿನ ಡ್ರೈವರ್ ದಾವೂದಸಾಬನ ಮುಖವೂ ಆಕಾಶದ ತಟ್ಟೆಯಲ್ಲಿ ಮೂಡಿತು.

"ದಾವೂದಾ! ಹಗ್ಗಾ ಹಾಕಲೇ! ಜಗ್ಗಲೇ!"

"ತಾಯವ್ವ ಹೂಂ ಅನ್ಲಿ, ಸಾಹೇಬ್ರ. ಇಲ್ಲಿ ನಮ್ಮನಿ ಜ್ವಾಳಾನೂ ಐತ್ರಿ."

ಈ ಕಳ್ಳ ಇದೇ ಊರಿನವನು ಎಂದು ನನಗೆ ಆಗ ತಿಳಿಯಿತು!

ಕಾಲು ಸೋಲುತ್ತಿದ್ದವು. ಕಣ್ಣಲ್ಲಿ ಚಿಕ್ಕೆ ಕುಣಿಯುತ್ತಿದ್ದವು.

"ಏನ್ ಬೇಕ ಹೇಳ ಯವ್ವಾ!"

"ಕಿಸೇದಾಗ ಕೆಂಪು ಪೆನ್ಸಿಲ್ ಇತ್ತಲ್ಲ... ಐತೇನ ಇನ್ನೂ?"

ಹಗ್ಗ ಹಾಕಿ ಎದೆಯವರೆಗೆ ಮೇಲೆಳೆದರು. ಅಲ್ಲಿಗೆ ನಿಲ್ಲಿಸಿದರು. ಗಜ್ಜರಿಯಂತೆ ಅರ್ಧ ನೆಲದೊಳಗೆ, ಅರ್ಧ ಹೊರಗೆ ನಾನು. ಮೂಗಿನ ಮುಂದೆ ನಕಾಶೆ. ತಾಯವ್ವ ಬೆರಳಿಟ್ಟಲ್ಲೆಲ್ಲ ಕೆಂಪು ಸುತ್ತು ಹಾಕಿದೆ. ಸೈಟ್ ನಂಬರ್ ನಾಲ್ಕು. ಒಂಬತ್ತು. ಹನ್ನೆರಡರ ಮೂಲೆ...

"ಇನ್ನೂ ಅದಾವ ಬೇ?"

"ಸುಮ್ಮನ ಬರಕೋ."

ಹನ್ನೊಂದು!

ಸೋಮವಾರ ಬುಲ್‌ಡೋಜರಿನವನು ನಾನು ಬಿದ್ದ ಬಾಯಿಗೆ ಇಣುಕಿದ. ಬಂದ ದಾರಿಯಲ್ಲೇ ವಾಪಸು ಹೋದ. ಸಾವಕಾರರು ಹಟ ಹಿಡಿದು ಅದೊಂದನ್ನು ತುಂಬಿಸಿ ನೋಡಿದರು. ಇಪ್ಪತ್ತು ಚಕ್ಕಡಿ ಮಣ್ಣು ನುಂಗಿತು. ಮಳೆ ಬಿದ್ದದ್ದೇ ತಡ, ಮತ್ತೆ ಮೊಣಕಾಲುದ್ದ ಕುಸಿಯಿತು.

"ಹನ್ನೊಂದೂ ಖರೇನ ಏನೋ, ಹುಲಿಗೆಪ್ಪಾ?"

"ಒಂದು ನಾ ಬಿದ್ದ ನೋಡೇನ್ರಿ. ಉಳದದ್ದು ನೀವ ನೋಡ್ರಿ."

ಅವರು ನೋಡಲಿಲ್ಲ. ನಕಾಶೆಯಲ್ಲಿ ಕೆಂಪು ಸುತ್ತು ಬಿದ್ದ ಈ ತುಂಡಿನ ಮೇಲೆ 'ಉದ್ಯಾನ' ಎಂದು ಬರೆಸಿ ಕೈ ತೊಳೆದುಕೊಂಡರು. ಹೂವಿಲ್ಲ, ಬೆಂಚಿಲ್ಲ. ಸುತ್ತ ನಾಲ್ಕು ಕ್ರಾಸ್ ಮನೆ ಎದ್ದವು. ಕಂಬಗಳಿಗೆ ತಂತಿಯೂ ಬಂತು. ಊರ ಮುಂದಿನ ಅಗಸಿ ಬಾಗಿಲು ಸಿಟಿ ಬಸ್ಸಿನ 'ಲಾಸ್ಟ್ ಸ್ಟಾಪ್' ಆಯಿತು. ಊರಿನ ಜೋಳ ಮಾತ್ರ ಇದ್ದಲ್ಲೇ ಇತ್ತು.

ಹೋದ ವರ್ಷ ತಾಯವ್ವ ಹಾಸಿಗೆ ಹಿಡಿದಳು. ನೋಡಲು ಹೋಗಿದ್ದೆ.

"ಹುಲಿಗ್ಯಾ... ಹನ್ನೊಂದು ಎಲ್ಲಿ ಬಂತಲೇ? ಇದ್ದದ್ದು ಮೂರ ಮೂರು!"

"ಯಾವ ಮೂರು ಬೇ?"

ಮುದುಕಿ ನಕ್ಕಳು. ನಗುತ್ತಲೇ ಕಣ್ಣು ಮುಚ್ಚಿದಳು.

ದಾವೂದಸಾಬನನ್ನು ಕೇಳಿದೆ. "ತಾಯವ್ವ ಹೂಂ ಅನ್ಲಿ, ಸಾಹೇಬ್ರ," ಎಂದ!

ಈಗ ಸಾವಕಾರರು ಉದ್ಯಾನವನ್ನೂ ಸೈಟು ಮಾಡಿ ಮಾರುತ್ತಿದ್ದಾರೆ. ಅಗ್ಗ, ಅಲ್ಲವೇ? ಗಾಳಿ ಚೆನ್ನಾಗಿದೆ, ಅಲ್ಲವೇ?

ಅಂದಹಾಗೆ, ನೀವು ನಿಂತಿರುವುದು ಸೈಟ್ ನಂಬರ್ ನಾಲ್ಕರ ಮೇಲೆ. ಅಲುಗಾಡಬೇಡಿ... ಹಗ್ಗ ತರುತ್ತೇನೆ.