ಇನ್ನೂರ ಹದಿನಾಲ್ಕನೇ ರೀಲು

ಸೋಮವಾರ ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ರಂಗಭೂಮಿಯ ಇತಿಹಾಸಕಾರರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿದರು, ತಮ್ಮ ಮನೆಯಿಂದ ಒಂದು ದನಿ ಕಳುವಾಗಿದೆ ಎಂದು.

ಗಂಟಲಿನ ಡಾಕ್ಟರು ಎದುರು ರಸ್ತೆಯಲ್ಲಿದ್ದಾರೆ ಎಂದ ದಫೇದಾರ. ಇನ್‌ಸ್ಪೆಕ್ಟರ್ ಮೇಡಂ ಅವನತ್ತ ಒಮ್ಮೆ ನೋಡಿದರು. ಅವನು ತೆಪ್ಪಗೆ ಎಫ್‌ಐಆರ್ ಬರೆಯಲು ಕೂತ.

ದೂರುದಾರರಿಗೆ ಎಪ್ಪತ್ತೊಂದು ವರ್ಷ. ನಲವತ್ತೈದು ವರ್ಷ ಊರೂರು ಅಲೆದು, ಮುಚ್ಚಿಹೋದ ನಾಟಕ ಕಂಪನಿಗಳ ಮುದಿ ನಟನಟಿಯರನ್ನು ಹುಡುಕಿ, ಅವರ ಮಾತನ್ನು ಟೇಪಿಗೆ ಇಳಿಸಿದವರು. ಆರುನೂರ ಹನ್ನೆರಡು ರೀಲು, ಒಂಬತ್ತು ಪುಸ್ತಕ. ಮಾತಾಡಿದವರಲ್ಲಿ ಈಗ ಒಬ್ಬರೂ ಬದುಕಿಲ್ಲ. ಕಳುವಾದದ್ದು 214ನೇ ರೀಲು, ರಾಣಿಯ ಪಾತ್ರಕ್ಕೆ ಹೆಸರಾಗಿದ್ದ ನಟಿಯೊಬ್ಬಳದು.

11.45ಕ್ಕೆ ಸ್ಥಳ ಪಂಚನಾಮೆ. ಮಹಡಿಯ ಕೋಣೆ, ಗೋಡೆಯುದ್ದಕ್ಕೂ ರಟ್ಟಿನ ಪೆಟ್ಟಿಗೆಗಳು. ಒಳಗೆ ಕಾಲಿಟ್ಟ ದಫೇದಾರ ತಾನಾಗಿಯೇ ದನಿ ತಗ್ಗಿಸಿದ. ಸತ್ತವರೆಲ್ಲ ಒಂದೊಂದು ಪೆಟ್ಟಿಗೆಯಲ್ಲಿ ಬಾಯಿ ಮುಚ್ಚಿಕೊಂಡು, ಯಾರಾದರೂ ಎಬ್ಬಿಸಲಿ ಎಂದು ಕಾದಿರುವ ಹಾಗಿತ್ತು. ಬೀಗ ಒಡೆದಿರಲಿಲ್ಲ.

ಕೆಳಗಿನ ಮನೆಯ ಟೈಲರ್ ಹೇಳಿಕೆ ಕೊಟ್ಟ. ಶನಿವಾರ ಮಧ್ಯಾಹ್ನ, ಯಜಮಾನರು ಊರಲ್ಲಿಲ್ಲದಾಗ, ಮೇಲೆ ಹೆಂಗಸೊಬ್ಬಳು ಮಾತಾಡುವುದು ಕೇಳಿಸಿತಂತೆ. ಒಂದೇ ಮಾತು, ಒಂದೇ ಕಡೆ ನಿಂತು, ಮತ್ತೆ ಮೊದಲಿಂದ. ಹತ್ತು ಸಲ ತಡೆದುಕೊಂಡೆ, ಹನ್ನೊಂದನೆಯದಕ್ಕೆ ಹೊಲಿಯುತ್ತಿದ್ದ ಅಂಗಿ ಅಲ್ಲೇ ಬಿಟ್ಟು ಅಕ್ಕನ ಮನೆಗೆ ಹೋದೆ ಎಂದ.

"ಇನ್ನೊಂದು ಬೀಗದ ಕೈ ಯಾರ ಹತ್ರ ಇದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಕಸ ಗುಡಿಸೋಳ ಹತ್ರ. ಅವಳಿಗೆ ಇದೆಲ್ಲ ಏನು ಗೊತ್ತಾಗುತ್ತೆ?" ಎಂದರು ಇತಿಹಾಸಕಾರರು.

ಈ ರೀಲು ಬೇಕೆಂದು ಯಾರಾದರೂ ಕೇಳಿದ್ದುಂಟೇ ಎಂದಾಗ ತಡವರಿಸಿದರು. ಎಂಟು ತಿಂಗಳ ಹಿಂದೆ ಆ ಕಸ ಗುಡಿಸುವವಳೇ ಕೇಳಿದ್ದಳು. ಸಂಶೋಧಕರಿಗೆ ಮಾತ್ರ ಎಂದಿದ್ದರು. ಯಾಕೆ ಬೇಕು ಎಂದು ಇವರು ಕೇಳಿರಲಿಲ್ಲ.

3.10ಕ್ಕೆ ಅವಳ ಮನೆ. ಐವತ್ತರ ಆಸುಪಾಸಿನ ಹೆಂಗಸು. ಕಿಟಕಿಯಿಂದ ಬಾಗಿಲವರೆಗೆ ಟೇಪು ಬಿಚ್ಚಿ ಹಗ್ಗದ ಮೇಲೆ ಹರಡಿತ್ತು. ಒಂದು ತುದಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದವಳು ಪೊಲೀಸರನ್ನು ಕಂಡು ಏಳಲಿಲ್ಲ.

"ಏನು ಹುಡುಕ್ತಿದ್ದೀಯಮ್ಮ?"

"ಮಾತು ನಿಂತೋಗೋ ಜಾಗ, ಮೇಡಂ. ನಮ್ಮವ್ವಂದು."

ಮೂರು ವರ್ಷದ ಮಗುವನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಕಂಪನಿ ಸೇರಿದ ತಾಯಿ ಮತ್ತೆ ಬಂದಿರಲಿಲ್ಲ. ಯಾಕೆ ಬಿಟ್ಟಳು ಎಂಬುದನ್ನು ಯಾರೂ ಮಗಳಿಗೆ ಹೇಳಿರಲಿಲ್ಲ. ಇತಿಹಾಸಕಾರರ ಪುಸ್ತಕವೊಂದರಲ್ಲಿ ಅವ್ವನ ಚಿತ್ರ ಕಂಡ ಮೇಲೆ ಅವಳು ಅವರ ಮನೆಯ ಕೆಲಸಕ್ಕೆ ಸೇರಿದ್ದಳು.

ಜಪ್ತಿ ಮಾಡಿದ ರೀಲನ್ನು ಸುತ್ತಿ, ಇತಿಹಾಸಕಾರರನ್ನೂ ಮಗಳನ್ನೂ ಕೂರಿಸಿ, ಠಾಣೆಯಲ್ಲಿ ಪಂಚರೆದುರು ಯಂತ್ರಕ್ಕೆ ಹಾಕಿದರು. ಸಮಯ 4.35. ತಂತಿ ಮೀಟಿದಂಥ ದನಿ ಕೋಣೆಯನ್ನು ತುಂಬಿತು. ಕಿರೀಟದ ಭಾರ, ಬಣ್ಣದ ಉರಿ, ಮೊದಲ ಚಪ್ಪಾಳೆ. ಆಮೇಲೆ ತಗ್ಗಿದ ದನಿಯಲ್ಲಿ, "ನನಗೊಂದು ಹೆಣ್ಣು ಮಗು ಇತ್ತು. ಹೊರಡೋ ದಿನ ಅದನ್ನ..." ಟಕ್. ಮರುಗಳಿಗೆ ಅದೇ ದನಿ ರಂಗದ ಪರದೆಗಳ ಬಗ್ಗೆ ಹೇಳುತ್ತಿತ್ತು.

"ಇಲ್ಲಿ ಏನಾಯ್ತು?" ಇನ್‌ಸ್ಪೆಕ್ಟರ್ ಕೇಳಿದರು.

"ಮನೆ ಮಾತು ಬಂದ್ರೆ ಯಂತ್ರ ನಿಲ್ಲಿಸ್ತಿದ್ದೆ," ಎಂದರು ಇತಿಹಾಸಕಾರರು. "ಇತಿಹಾಸಕ್ಕೆ ಬೇಕಿರಲಿಲ್ಲ. ಆಕೆ ತುಂಬಾ ಹೊತ್ತು ಮಾತಾಡಿದ್ರು. ಅತ್ತರು."

"ಏನಂದ್ಲು ಸಾರ್?" ಮಗಳು ಕೇಳಿದಳು.

ಯಾವ ನಾಟಕ ಯಾವ ಊರಲ್ಲಿ ಎಷ್ಟು ದಿನ ನಡೆಯಿತೆಂದು ನಿದ್ದೆಯಲ್ಲೂ ಹೇಳಬಲ್ಲ ಮನುಷ್ಯ ಕಣ್ಣು ಮುಚ್ಚಿ ಕೂತರು. ನೆನಪಿಲ್ಲ ಎಂದರು ಕೊನೆಗೆ.

"ಸುಮ್ನೆ ಏನಾದ್ರೂ ಹೇಳಿ ಸಾರ್. ನಿಜ ಅಲ್ದಿದ್ರೂ ಪರವಾಗಿಲ್ಲ."

ಅವರ ತುಟಿ ಅಲುಗಿತು. ದಫೇದಾರ ಕೂಡ ಪೆನ್ನು ನಿಲ್ಲಿಸಿದ.

"ಆಧಾರ ಇಲ್ಲದ್ದು ನಾನು ಹೇಳಲಾರೆ ತಾಯಿ," ಎಂದು ಮುಖ ಮುಚ್ಚಿಕೊಂಡರು.

ದೂರು ವಾಪಸ್ ಪಡೆಯುತ್ತೇನೆಂದು ಅವರು ಹೇಳಿದಾಗ, ಅದನ್ನು ಕೋರ್ಟಿನಲ್ಲಿ ಹೇಳಬೇಕೆಂದು ಇನ್‌ಸ್ಪೆಕ್ಟರ್ ತಿಳಿಸಿದರು. 5.30ಕ್ಕೆ ದಸ್ತಗಿರಿ. ಅವಳು ಹೆಬ್ಬೆಟ್ಟು ಒತ್ತಲಿಲ್ಲ, ನಿಧಾನವಾಗಿ, ದುಂಡಗೆ ಸಹಿ ಮಾಡಿದಳು.

ಎಲ್ಲರೂ ಹೋದ ಮೇಲೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ತೆರೆದರು. ಕೃತ್ಯದ ಉದ್ದೇಶ ಎಂಬಲ್ಲಿ ಬರೆದರು: ತಾಯಿಯ ಮಾತಿನ ಉಳಿದ ಭಾಗ. ಸ್ವಲ್ಪ ಯೋಚಿಸಿ ಅದರ ಕೆಳಗೆ ಸೇರಿಸಿದರು: ಪತ್ತೆಯಾಗಿಲ್ಲ.